ಚೋಕ್ ಸರಿ ಇದೆ ಅಂದಿದ್ದೆ

ಸುಟ್ಟ ವಾರ್ನಿಷ್ ವಾಸನೆ ಬಂದರೆ ಈಗಲೂ ಎದೆ ಧಸಕ್ ಅನ್ನುತ್ತದೆ. ನಾಲ್ಕು ದಿನ ಕೂತು ನಾನೇ ಸುತ್ತಿದ ಟ್ರಾನ್ಸ್‌ಫಾರ್ಮರ್ ಕಣ್ಣೆದುರೇ ಸುಟ್ಟಿತ್ತು.

ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ರಿಪೇರಿ ಅಂಗಡಿಯಲ್ಲಿ ನನ್ನ ಕೆಲಸ. ಧಾರವಾಡದ ಮಾಳಮಡ್ಡಿಯಿಂದ ಹಿರಿಯರೊಬ್ಬರು ಹಳೆ ವಾಲ್ವ್ ಆಂಪ್ಲಿಫೈಯರ್ ತಂದಿದ್ದರು. ಸ್ಪೀಕರ್ ನಡೆಸಲು ಎರಡು ಇಎಲ್84 ವಾಲ್ವ್ ಪುಶ್‌ಪುಲ್, ಎಸಿಯನ್ನು ಡಿಸಿ ಮಾಡಲು ಇಝಡ್81 ರೆಕ್ಟಿಫೈಯರ್ ವಾಲ್ವ್. ಅವರ ತಂದೆ ಮಲ್ಲಿಕಾರ್ಜುನ ಮನ್ಸೂರರ ರೆಕಾರ್ಡ್ ಕೇಳುತ್ತಿದ್ದ ಸೆಟ್ ಅದು. ಮೇನ್ಸ್ ಟ್ರಾನ್ಸ್‌ಫಾರ್ಮರ್ ಕರಕಲಾಗಿತ್ತು.

ಬಿಚ್ಚುತ್ತಾ ಎಣಿಸಿದೆ. ಮೇಲಿನದು ವಾಲ್ವ್‌ಗಳನ್ನು ಬಿಸಿ ಮಾಡುವ ಹೀಟರ್ ವೈಂಡಿಂಗ್, 22 ಸುತ್ತು. ಅದು 6.3 ವೋಲ್ಟ್, ಅಂದರೆ ವೋಲ್ಟ್‌ಗೆ ಸುಮಾರು ಮೂರೂವರೆ ಸುತ್ತು. ನಡುವೆ ಟ್ಯಾಪ್ ಇರುವ 250-0-250 ವೋಲ್ಟ್ ವೈಂಡಿಂಗ್‌ಗೆ, ಅಂದರೆ ಒಟ್ಟು 500 ವೋಲ್ಟ್‌ಗೆ, 1750 ಸುತ್ತು, ಕೂದಲಿನಂಥ ತಂತಿ, ಪ್ರತಿ ಪದರಕ್ಕೂ ಕಾಗದ. ಸುತ್ತಿ, ವಾರ್ನಿಷ್‌ನಲ್ಲಿ ಅದ್ದಿ, ಒಣಗಿಸಿದೆ.

ಹಳೆಯದು ಯಾಕೆ ಸುಟ್ಟಿತು ಅಂತಲೂ ನೋಡಿದ್ದೆ. ಫಿಲ್ಟರ್ ಕೆಪಾಸಿಟರ್ ಎರಡೂ ಉಬ್ಬಿದ್ದವು, ಹೊಸದು ಹಾಕಿದೆ. ಡಿಸಿಯ ಏರಿಳಿತ ತಡೆಯುವ ಕಾಯಿಲ್, ಅಂದರೆ ಚೋಕ್‌ಗೆ ಮೀಟರ್ ಇಟ್ಟೆ: ಕಾಯಿಲ್ 200 ಓಮ್, ಕಾಯಿಲ್‌ಗೂ ಲೋಹದ ಬಾಡಿಗೂ ನಡುವೆ ಓಪನ್, ಅಂದರೆ ಸಂಪರ್ಕ ಇಲ್ಲ. ಸರಿ ಇದೆ ಅಂದೆ. ಫ್ಯೂಸ್ ಜಾಗದಲ್ಲಿ ಯಾರೋ ತಾಮ್ರದ ತಂತಿ ಸುತ್ತಿದ್ದರು. ಅಂಗಡಿಯಲ್ಲಿ 1 ಆಂಪ್ ಇರಲಿಲ್ಲ, 3 ಆಂಪ್ ಹಾಕಿದೆ.

ಡೆಲಿವರಿ ದಿನ ಹಿರಿಯರು ಎದುರಿಗೇ ಕೂತಿದ್ದರು. ಮಾಲೀಕರಿಗೆ ಅವಸರ. ಶಾರ್ಟ್ ಇದ್ದರೆ ಕರೆಂಟ್ ತಡೆಯುವ ಸೀರೀಸ್ ಬಲ್ಬ್ ಬೋರ್ಡ್‌ನಲ್ಲಿ ಬೇರೆ ಹುಡುಗ ಏನೋ ಸಿಗಿಸಿದ್ದ. ನಾನು ನೇರ 230ಕ್ಕೆ ಕೊಟ್ಟೆ. ಹತ್ತು ನಿಮಿಷ ಚೆನ್ನಾಗಿ ಹಾಡಿತು. ಹಿರಿಯರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ಆಮೇಲೆ ಹಾಡು ಕುಗ್ಗಿತು. ಗುಂಯ್ ಅನ್ನುವ ಹಮ್ ಜಾಸ್ತಿಯಾಯಿತು. ಬಗ್ಗಿ ನೋಡಿದರೆ ಇಝಡ್81ರ ಪ್ಲೇಟ್ ಮಂದ ಕೆಂಪಗೆ ಕಾಣುತ್ತಿತ್ತು. ಪ್ಲಗ್ ಕೀಳಬೇಕಿತ್ತು, ಅಲ್ವಾ? ನಾನು ವಾಲ್ವ್ ಮುದಿಯಾಗಿದೆ ಅಂದುಕೊಂಡೆ. ಸ್ಪೇರ್ ಹುಡುಕಲು ಹಿಂದಿನ ರ‍್ಯಾಕ್‌ಗೆ ಹೋದೆ. ಮೂರು ಡಬ್ಬಿ ತೆಗೆದೆ. ಮೂರನೆಯದರಲ್ಲಿ ಕೈ ಇರುವಾಗಲೇ ವಾಸನೆ ಬಂತು. ಓಡಿ ಬಂದು ಪ್ಲಗ್ ಕಿತ್ತೆ. ಅಷ್ಟರಲ್ಲಿ ಕೋರ್‌ನ ಕಬ್ಬಿಣದ ಪಟ್ಟಿಗಳ ಸಂದಿಯಿಂದ ತೆಳು ಹೊಗೆ ಏಳುತ್ತಿತ್ತು, 3 ಆಂಪ್ ಫ್ಯೂಸ್ ಮಾತ್ರ ಗಟ್ಟಿಯಾಗಿತ್ತು. ಹಿರಿಯರು ಸಣ್ಣ ದನಿಯಲ್ಲಿ ಕೇಳಿದರು, "ಮತ್ತ ಸುಟ್ಟೋತೇನ್ರೀ?" ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ ಮತ್ತೆ ಎಲ್ಲ ಅಳೆದೆ. ಚೋಕ್ ಮತ್ತೆ ಬಾಡಿ ಜೊತೆ ಓಪನ್! ರಾತ್ರಿ ಪೂರ್ತಿ ತಲೆ ಕೆಟ್ಟಿತು. ಮರುದಿನ ಗೋಕುಲ ರೋಡಿನ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಚೋಕ್ ಒಯ್ದೆ. ಬೇಸಿಗೆ, ಪಂಪ್ ಮೋಟಾರ್‌ಗಳ ಸಾಲು. ಆದರೂ ಅವರು ಮೆಗ್ಗರ್, ಅಂದರೆ ಹೆಚ್ಚು ವೋಲ್ಟ್ ಕೊಟ್ಟು ಇನ್ಸುಲೇಶನ್ ಅಳೆಯುವ ಮೀಟರ್ ಕೊಟ್ಟರು. 500 ವೋಲ್ಟ್ ಕೊಟ್ಟ ಕೂಡಲೇ ಒಳಗೆ ಚಿಟ್ ಚಿಟ್ ಸದ್ದು, ಮುಳ್ಳು ಸೊನ್ನೆಗೆ ಬಿತ್ತು. ಬಿಚ್ಚಿದೆ. ಕೋರ್‌ನ ಒಂದು ಮೂಲೆಯಲ್ಲಿ ಕಾಗದ ಕಂದಾಗಿ ಪುಡಿಯಾಗಿತ್ತು. ಅಲ್ಲಿ ತಂತಿಯ ಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕೆ. ಮೀಟರ್‌ನ 9 ವೋಲ್ಟ್ ಬ್ಯಾಟರಿಗೆ ಆ ಸಂದು ದಾಟೋಕೆ ಆಗಲ್ಲ. 300 ವೋಲ್ಟ್ ಹೈಟೆನ್ಷನ್, ಅದೂ ಬಿಸಿಯಾದಾಗ, ಸಲೀಸಾಗಿ ದಾಟಿ ಬಾಡಿ ಜೊತೆ ಶಾರ್ಟ್ ಆಗುತ್ತದೆ. ಮೊದಲ ಟ್ರಾನ್ಸ್‌ಫಾರ್ಮರನ್ನು ಸುಟ್ಟಿದ್ದೂ ಇದೇ ಇರಬೇಕು.

ಆ ಸೈಜಿನ ಚೋಕ್ ಪೇಟೆಯಲ್ಲಿ ಸಿಗಲಿಲ್ಲ. ಅದೇ ಕೋರ್ ಮೇಲೆ ನಾನೇ ಸುತ್ತಿದೆ. ಡಿಸಿ ಹರಿಯುವ ಕಾರಣ ಇಂಗ್ಲಿಷಿನ E ಮತ್ತು I ಆಕಾರದ ಕೋರ್ ಪಟ್ಟಿಗಳನ್ನು ಹೆಣೆಯದೆ ಎದುರುಬದುರಾಗಿ ಕೂಡಿಸಬೇಕು, ನಡುವೆ ತೆಳು ಕಾಗದದ ಗ್ಯಾಪ್. ಗ್ಯಾಪ್ ಇಲ್ಲದಿದ್ದರೆ ಕೋರ್ ಸ್ಯಾಚುರೇಟ್ ಆಗಿ, ಅಂದರೆ ಅಯಸ್ಕಾಂತ ಶಕ್ತಿ ತುಂಬಿಹೋಗಿ, ಚೋಕ್ ಸುಮ್ನೆ ತಂತಿಯ ಉಂಡೆ. ಟ್ರಾನ್ಸ್‌ಫಾರ್ಮರನ್ನೂ ಮತ್ತೆ ಸುತ್ತಿದೆ, ಅಂಗಡಿ ಮುಚ್ಚಿದ ಮೇಲೆ, ನನ್ನ ದುಡ್ಡಿನ ತಂತಿಯಲ್ಲಿ.

ಮೆಗ್ಗರ್ ಕೊಡಿಸಿ ಅಂತ ಮಾಲೀಕರನ್ನು ಮೂರು ಸಲ ಕೇಳಿದೆ. "ವರ್ಷಕ್ಕೆ ಎರಡು ವಾಲ್ವ್ ಸೆಟ್‌ಗೆ ಯಾಕೆ?" ಅಂದರು. ಈಗಲೂ ಗೋಕುಲ ರೋಡಿಗೇ ಹೋಗುತ್ತೇನೆ, ಚೋಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು. 1 ಆಂಪ್ ಸ್ಲೋಬ್ಲೋ (ನಿಧಾನಕ್ಕೆ ಹಾರುವ) ಫ್ಯೂಸ್ ನಾನೇ ಒಂದು ಡಬ್ಬಿ ತಂದಿಟ್ಟಿದ್ದೇನೆ. ಸೀರೀಸ್ ಬಲ್ಬ್ ಬೋರ್ಡ್ ಖಾಲಿ ಇಲ್ಲ ಅಂದರೆ ಗ್ರಾಹಕರಿಗೆ ಇನ್ನೊಂದು ಚಹಾ ತರಿಸುತ್ತೇನೆ.

ಮಾಳಮಡ್ಡಿಗೆ ಸೆಟ್ಟನ್ನು ನಾನೇ ಒಯ್ದು ಕೊಟ್ಟೆ. ಹಚ್ಚಿ ಎರಡು ತಾಸು ಅಲ್ಲೇ ಕೂತೆ. ಮೊದಲ ಅರ್ಧ ತಾಸು ಹಾಡು ಕಿವಿಗೆ ಬೀಳಲೇ ಇಲ್ಲ. ಕೈ ಟ್ರಾನ್ಸ್‌ಫಾರ್ಮರ್ ಮೇಲಿತ್ತು.