ಪಂಚಾಯ್ತಿಗೆ ಬಂದ ಫೈಬರ್ ಮನೆಗೆ ಬರಬೇಕಾದರೆ

ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರ ಕಡೆಯವರು ಕೇಳುವ ಪ್ರಶ್ನೆ ಒಂದೇ: ಪಂಚಾಯ್ತಿ ಆಫೀಸಿಗೆ ಫೈಬರ್ (ಬೆಳಕಿನ ಮೂಲಕ ಇಂಟರ್ನೆಟ್ ತರುವ ಗಾಜಿನೆಳೆಯ ಕೇಬಲ್) ಬಂದು ಎಷ್ಟೋ ಕಾಲವಾಯಿತು, ನಮ್ಮ ಮನೆಗೆ ಯಾಕೆ ಕೊಡುತ್ತಿಲ್ಲ? 2011ರಲ್ಲಿ ಒಪ್ಪಿಗೆ ಸಿಕ್ಕಿ, ಆಮೇಲೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಗುರಿ ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯ್ತಿಗಳನ್ನು ಮುಟ್ಟುವುದಾಗಿತ್ತು. ಅಲ್ಲಿಂದಾಚೆ ಹಳ್ಳಿ, ಬೀದಿ, ಮನೆ ಎಲ್ಲ ಬೇರೆಯೇ ಕೆಲಸ. ನಕ್ಷೆಯಲ್ಲಿ ಪಂಚಾಯ್ತಿಗೆ ಸಂಪರ್ಕ ಇದೆ ಎಂದಿದ್ದರೆ ಆಫೀಸಿನ ಗೋಡೆವರೆಗೆ ಇದೆ ಎಂದಷ್ಟೇ ತಿಳಿಯಬೇಕು.

ಹಳೆಯ ಲೈನುಗಳಲ್ಲಿ ಇನ್ನೊಂದು ತೊಂದರೆ. ತಾಲ್ಲೂಕು ಕೇಂದ್ರದಿಂದ ಒಂದೇ ದಾರಿಯಲ್ಲಿ ಕೇಬಲ್ ಹೋಗಿದ್ದರೆ, ರಸ್ತೆ ಅಗಲ ಮಾಡುವ ಜೆಸಿಬಿ ಒಂದು ಕಡೆ ಕತ್ತರಿಸಿದರೂ ಮುಂದಿನ ಊರುಗಳೆಲ್ಲ ಬಂದ್. 2023ರ ಆಗಸ್ಟ್‌ನಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಗೆ ಒಪ್ಪಿದ ತಿದ್ದುಪಡಿ ಯೋಜನೆಯಲ್ಲಿ ರಿಂಗ್ ಮಾದರಿ ತಂದಿರುವುದು ಇದಕ್ಕೇ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬರುತ್ತದೆ. ನನ್ನ ಲೆಕ್ಕದಲ್ಲಿ ಇದು ಸ್ಪೀಡ್ ಹೆಚ್ಚಿಸುವುದಕ್ಕಿಂತ ಮುಖ್ಯ.

ಇನ್ನು ಮನೆಯ ಲೈನ್. ಎಕ್ಸ್‌ಚೇಂಜಿನಿಂದ ಹೊರಡುವ ಬೆಳಕು ಸುಮಾರು ಪ್ಲಸ್ 3 ಡಿಬಿಎಂ (ಬೆಳಕಿನ ಬಲದ ಅಳತೆ; ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ) ಎಂದುಕೊಳ್ಳಿ. 10 ಕಿಲೋಮೀಟರ್ ಫೈಬರ್‌ನಲ್ಲಿ 3 ಡಿಬಿ (ಬೆಳಕಿನ ನಷ್ಟದ ಅಳತೆ) ಹೋಗುತ್ತದೆ. 32 ಮನೆಗೆ ಹಂಚುವ ಸ್ಪ್ಲಿಟರ್ ಒಂದೇ ಸುಮಾರು 17 ಡಿಬಿ ತಿನ್ನುತ್ತದೆ. ಜಾಯಿಂಟು, ಕನೆಕ್ಟರುಗಳಿಗೆ ಇನ್ನೊಂದು 2. ಮನೆಯಲ್ಲಿ ಉಳಿಯುವುದು ಮೈನಸ್ 19. ಮೈನಸ್ 27ರ ಆಚೆ ಹೋದರೆ ಮೋಡೆಮ್‌ಗೆ ಬೆಳಕು ಸಾಲದು. ಆದ್ದರಿಂದ ಕನೆಕ್ಷನ್ ಕೊಡಲು ಬಂದವರಿಗೆ ಬೆಳಕು ಅಳೆಯುವ ಪವರ್ ಮೀಟರನ್ನು 1490 ನ್ಯಾನೋಮೀಟರಿಗೆ (ಮನೆಗೆ ಬರುವ ಬೆಳಕಿನ ತರಂಗಾಂತರ) ಇಟ್ಟು ಅಳೆಯಲು ಹೇಳಿ, ಆ ಅಂಕಿಯನ್ನು ಮೋಡೆಮ್ ಹಿಂದೆ ಬರೆದಿಡಿ. ಮೈನಸ್ 25 ದಾಟಿದ್ದರೆ ಒಪ್ಪಬೇಡಿ. ಇವತ್ತು ಓಡಿದರೂ ಜಾಯಿಂಟ್ ಬಾಕ್ಸಿಗೆ ಮಳೆನೀರು ಇಳಿದ ದಿನ ನಿಲ್ಲುತ್ತದೆ.

ಬೆಳಕು ಸೋರುವುದು ಹೆಚ್ಚಾಗಿ ಕೊನೆಯ ನೂರಿನ್ನೂರು ಮೀಟರಿನಲ್ಲೇ. ತಿಪಟೂರು, ಗುಬ್ಬಿ ಕಡೆ ಡ್ರಾಪ್ ವೈರನ್ನು (ಕಂಬದ ಬಾಕ್ಸಿನಿಂದ ಮನೆಗೆ ಎಳೆಯುವ ಸಣ್ಣ ಫೈಬರ್ ವೈರು) ತೆಂಗಿನ ಮರಕ್ಕೇ ಬಿಗಿದು ಕಟ್ಟುತ್ತಾರೆ. ಮರ ತೂಗಿದಂತೆ ವೈರು ಕಟ್ಟಿನ ಹತ್ತಿರ ಮಡಚಿಕೊಳ್ಳುತ್ತದೆ, ಗರಿ ಬಿದ್ದರೆ ಕಿತ್ತೇ ಬರುತ್ತದೆ. ಕಂಬದಿಂದ ಕಂಬಕ್ಕೆ, ಕ್ಲಾಂಪ್ ಹಾಕಿ, ಸ್ವಲ್ಪ ಸಡಿಲ ಬಿಟ್ಟು ಎಳೆಯಬೇಕು. ಉಳಿದ ವೈರನ್ನು ಅಂಗೈಗಿಂತ ಸಣ್ಣದಾಗಿ ಸುತ್ತಬಾರದು. ಹಸಿರು ಕನೆಕ್ಟರನ್ನು ನೀಲಿಗೆ ಸಿಕ್ಕಿಸಬಾರದು: ಹಸಿರಿನ ತುದಿ ಓರೆಯಾಗಿ ಕತ್ತರಿಸಿರುತ್ತದೆ, ನಡುವೆ ಸಂದು ಉಳಿದು ಬೆಳಕು ಹಾಳಾಗುತ್ತದೆ. ತುದಿಯನ್ನು ಬಾಯಿಂದ ಊದಬೇಡಿ, ಕಣ್ಣಿಟ್ಟು ನೋಡಲೂಬೇಡಿ.

ಮೋಡೆಮ್ ಮೇಲಿನ ಲಾಸ್ (LOS) ದೀಪ ಕೆಂಪಗೆ ಮಿನುಗಿದರೆ ಬೆಳಕೇ ಬರುತ್ತಿಲ್ಲ, ವೈರು ನೋಡಿ. ಕೆಂಪು ಇಲ್ಲದೆ ಪಾನ್ (PON) ದೀಪ ಮಾತ್ರ ಮಿನುಗುತ್ತಲೇ ಇದ್ದರೆ ಮೋಡೆಮ್ ಎಕ್ಸ್‌ಚೇಂಜಿನಲ್ಲಿ ನೋಂದಣಿ ಆಗುತ್ತಿಲ್ಲ. ಮರ ಹತ್ತಿ ಪ್ರಯೋಜನವಿಲ್ಲ, ಅದನ್ನು ಕಂಪನಿಯ ಆಫೀಸಿನಿಂದಲೇ ಸರಿಮಾಡಬೇಕು.

ಲ್ಯಾಂಡ್‌ಲೈನ್ ನಂಬಿಕೊಂಡ ವಯಸ್ಸಾದವರಿಗೆ ಇದನ್ನು ಮೊದಲೇ ತಿಳಿಸಿ. ಹಳೆಯ ತಾಮ್ರದ ತಂತಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಊರಲ್ಲಿ ಕರೆಂಟ್ ಹೋದರೂ ಫೋನ್ ಮಾತಾಡುತ್ತಿತ್ತು. ಫೈಬರ್‌ನಲ್ಲಿ ಹಾಗಿಲ್ಲ, ಮೋಡೆಮ್ ಆರಿದರೆ ಫೋನೂ ಆರುತ್ತದೆ. 12 ವೋಲ್ಟಿನ ಮಿನಿ ಯುಪಿಎಸ್ ಬೇಕು. ಡಬ್ಬದ ಮೇಲಿನ 8000 ಎಂಎಎಚ್ ಎನ್ನುವುದು ಸಾಮಾನ್ಯವಾಗಿ 3.7 ವೋಲ್ಟಿನ ಲೆಕ್ಕ, ಅಂದರೆ ಸುಮಾರು 30 ವ್ಯಾಟ್‌ಅವರ್. 8 ವ್ಯಾಟ್ ಎಳೆಯುವ ಮೋಡೆಮ್‌ಗೆ ಅದು ಮೂರು ಗಂಟೆ ಬಂದರೆ ಹೆಚ್ಚು.

ಮೊಬೈಲ್ ಮಾತು ಚಿಕ್ಕದು. ಬಿಎಸ್‌ಎನ್‌ಎಲ್ 4ಜಿಗೆ 700 ಮೆಗಾಹರ್ಟ್ಸ್ ಬಳಕೆಯಲ್ಲಿದೆ, ಬ್ಯಾಂಡ್ 28 (ಈ 700ರ ತರಂಗಕ್ಕೆ ಫೋನಿನ ವಿವರಗಳಲ್ಲಿರುವ ಹೆಸರು) ಇಲ್ಲದ ಹಳೆಯ ಫೋನಿಗೆ ಅದು ಸಿಗುವುದಿಲ್ಲ. ಮೂರು ಕಡೆ ಆಂಧ್ರವೇ ಇರುವ ಪಾವಗಡದಲ್ಲಿ ಫೋನ್ ಗಡಿಯಾಚೆಯ ಟವರ್ ಹಿಡಿದು ಒದ್ದಾಡುತ್ತಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕನ್ನು ಕೈಯಿಂದ ಆರಿಸಿ ನೋಡಿ.

ನಿಮ್ಮ ಕಡೆ ಯಾರ ಲೈನ್ ಇದೆ ಎಂದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಪಿನ್‌ಕೋಡ್ ಹಾಕಿ ನೋಡಬಹುದು. ಒಂದು ಪಿನ್‌ಕೋಡಿನಲ್ಲಿ ಹತ್ತಾರು ಹಳ್ಳಿ ಇರುವುದರಿಂದ ಅಷ್ಟಕ್ಕೇ ದುಡ್ಡು ಕಟ್ಟಬೇಡಿ. ಹತ್ತಿರದ ಸ್ಪ್ಲಿಟರ್ ಬಾಕ್ಸ್ ಯಾವ ಕಂಬದಲ್ಲಿದೆ, ಅದರಲ್ಲಿ ಖಾಲಿ ಪೋರ್ಟ್ ಇದೆಯೇ ಕೇಳಿ. ಇಲ್ಲವೆಂದರೆ ಎಂಟು ಮನೆಯವರು ಸೇರಿ ಅರ್ಜಿ ಕೊಡಿ. ಎಂಟು ಪೋರ್ಟಿನ ಬಾಕ್ಸ್ ಒಂದು ಪೂರ್ತಿ ತುಂಬುತ್ತದೆ ಎಂದು ಗೊತ್ತಾದರೆ ಕೇಬಲ್ ಎಳೆಯುವವರಿಗೂ ಗಿಟ್ಟುತ್ತದೆ. ಅರ್ಜಿಯಲ್ಲಿ ಕಂಬದ ನಂಬರ್ ಬರೆಯಿರಿ. ಕನೆಕ್ಷನ್ ಬಂದ ಮೇಲೆ ಕೆಟ್ಟರೆ, ಲೈನ್‌ಮ್ಯಾನ್‌ಗೆ ಫೋನ್ ಮಾಡಿ ಸುಮ್ಮನಾಗದೆ ಕಂಪನಿಯ ದೂರು ಕೇಂದ್ರದಿಂದ ಡಾಕೆಟ್ ನಂಬರ್ (ದೂರಿನ ನೋಂದಣಿ ಸಂಖ್ಯೆ) ತೆಗೆದುಕೊಳ್ಳಿ. ಆ ನಂಬರ್ ಇದ್ದರೆ ಮಾತ್ರ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು.