ರೊಡಮೀನ್ ಬಾಯಿ ಕಟ್ಟಲು ಡಯಾಜೋಕೀಟೋನೇ ಯಾಕೆ?

ಪ್ರೋಟೀನಿಗೆ ಡೈ ಅಂಟಿಸುವ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ: ಬೆಳಕು ಬಿದ್ದ ಮೇಲಷ್ಟೇ ಹೊಳೆಯುವ ಡೈ ಬೇಕಿದ್ದರೆ ರೊಡಮೀನ್ ಎಂಬ ಹೊಳೆಯುವ ಡೈಗೆ, ಬೆಳಕಿಗೆ ಕಳಚಿಕೊಳ್ಳುವ ನೈಟ್ರೋಬೆಂಜೈಲ್ ಗುಂಪು ಕಟ್ಟಿದರೆ ಆಯಿತಲ್ಲ?

ಕಟ್ಟಿದರೆ ಡೈ ಕತ್ತಲಾಗುವುದು ನಿಜ. ರೊಡಮೀನಿನ ಲ್ಯಾಕ್ಟೋನ್ ಉಂಗುರ (ಅಣುವಿನೊಳಗೇ ಮುಚ್ಚಿಕೊಳ್ಳುವ ಎಸ್ಟರ್ ಉಂಗುರ) ಮುಚ್ಚಿದ್ದರೆ ಬಣ್ಣವಿಲ್ಲ, ತೆರೆದರೆ ಹೊಳಪು. ಎರಡೂ ನೈಟ್ರೋಜನ್‌ಗಳ ಮೇಲೆ ಕಾರ್ಬಮೇಟ್ ಕೊಂಡಿಯಿಂದ ನೈಟ್ರೋಬೆಂಜೈಲ್ ಕೂರಿಸಿದರೆ ಉಂಗುರ ಮುಚ್ಚಿಯೇ ಇರುತ್ತದೆ. ಆದರೆ ಕೂರಿಸಲು ನೈಟ್ರೋಜನ್ ಮೇಲೆ ಹೈಡ್ರೋಜನ್ ಇರಬೇಕು. ಅತ್ಯಂತ ಪ್ರಕಾಶಮಾನ ಡೈಗಳಲ್ಲಿ ಅದೇ ಇಲ್ಲ. ನೈಟ್ರೋಜನ್ ಇರುವ ಡೈಮಿಥೈಲಮಿನೊ ಗುಂಪಿನ ಬದಲು ನಾಲ್ಕು ಸದಸ್ಯರ ಅಜೆಟಿಡೀನ್ ಉಂಗುರ ಹಾಕಿದರೆ ಕ್ವಾಂಟಮ್ ಇಳುವರಿ (ಹೀರಿದ ಬೆಳಕಿನಲ್ಲಿ ಹೊಳಪಾಗಿ ಹೊರಬರುವ ಪಾಲು) 0.41ರಿಂದ 0.88ಕ್ಕೇರುತ್ತದೆ; ಅಂಥ ಡೈಗೆ ನೈಟ್ರೋಬೆಂಜೈಲ್ ಕಟ್ಟುವ ಜಾಗವೇ ಇಲ್ಲ. ಜೊತೆಗೆ ಆ ಗುಂಪುಗಳು ದಪ್ಪ, ನೀರಿಗೆ ಒಗ್ಗವು, ಪೊರೆಗಳಿಗೆ ಅಂಟುತ್ತವೆ. ಬಿಚ್ಚಿಹೋದ ನೈಟ್ರೋಸೋ ಚೂರು ಕೋಶದೊಳಗೇ ಉಳಿದು ಪ್ರೋಟೀನ್‌ಗಳ ತಂಟೆಗೆ ಹೋಗುತ್ತದೆ.

ಡಯಾಜೋಕೀಟೋನ್ (ಕೀಟೋನಿನ ಪಕ್ಕದ ಕಾರ್ಬನ್ ಮೇಲೆ ಜೋಡಿ ನೈಟ್ರೋಜನ್ ಇರುವ ಗುಂಪು) ಡೈನ ನೈಟ್ರೋಜನ್‌ಗಳನ್ನು ಮುಟ್ಟದೆ ಲ್ಯಾಕ್ಟೋನ್ ಇದ್ದ ಜಾಗದಲ್ಲೇ ಬೀಗ ಹಾಕುತ್ತದೆ. 2010ರಲ್ಲಿ ಜರ್ಮನಿಯ ಗೋಟಿಂಗೆನ್‌ನ ಸ್ಟೆಫಾನ್ ಹೆಲ್ ಗುಂಪು ಈ ದಾರಿ ತೋರಿಸಿತು. 2016ರಲ್ಲಿ ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದ ಲ್ಯೂಕ್ ಲಾವಿಸ್ ತಂಡ ಅದನ್ನು ಅಜೆಟಿಡೀನ್ ಡೈಗಳಿಗೆ ಒಗ್ಗಿಸಿತು. 405 ನ್ಯಾನೊಮೀಟರ್ ಬೆಳಕು ಬಿದ್ದಾಗ ಹೊರಬೀಳುವುದು ನೈಟ್ರೋಜನ್ ಅನಿಲ ಮಾತ್ರ. ಉಳಿದದ್ದು ಕೀಟೀನ್ ಎಂಬ ಚುರುಕು ಮಧ್ಯಂತರ ಅಣುವಾಗಿ, ನೀರು ಸೇರಿ ಆಮ್ಲವಾಗಿ, ಉಂಗುರ ತೆರೆದು ಹೊಳೆಯುತ್ತದೆ.

ಇಲ್ಲೂ ಒಂದು ಪೆಟ್ಟಿದೆ, ವಿನ್ಯಾಸಕಾರರು ಇದನ್ನು ಹಗುರವಾಗಿ ತೆಗೆದುಕೊಳ್ಳಲೇಬಾರದು: ಅಣುಗಳ ಒಂದು ಪಾಲು ಬೇರೆ ದಾರಿ ಹಿಡಿದು ಎಂದೂ ಹೊಳೆಯದ ಉತ್ಪನ್ನವಾಗುತ್ತದೆ. ಆ ಪಾಲು ಎಷ್ಟೆಂಬುದು ರಚನೆ, ದ್ರಾವಕ, ಸುತ್ತಲಿನ ಪ್ರೋಟೀನ್ ಎಲ್ಲವನ್ನೂ ಅವಲಂಬಿಸಿದೆ. ಹಾಗಾಗಿ ಎಷ್ಟು ಪಾಲು ಹೊಳೆಯುತ್ತದೆ ಎಂಬುದನ್ನು ಬರೀ ಬಫರ್ ದ್ರಾವಣದಲ್ಲಿ ಅಳೆದರೆ ಸಾಲದು. ಡೈಯನ್ನು ಹ್ಯಾಲೊಟ್ಯಾಗ್ ಎಂಬ, ಡೈ ಹಿಡಿದಿಡುವ ಟ್ಯಾಗ್ ಪ್ರೋಟೀನಿಗೆ ಕಟ್ಟಿ, ಅಷ್ಟೇ ಸಾಂದ್ರತೆಯ ಬೀಗವಿಲ್ಲದ ಡೈ ಪಕ್ಕದಲ್ಲಿಟ್ಟು ಹೋಲಿಸಬೇಕು.

ಬಳಕೆಗೆ: ಡಿಎಂಎಸ್‌ಒ ದ್ರಾವಕದಲ್ಲಿ 1 ಮಿಲಿಮೋಲಾರ್ ಸ್ಟಾಕ್, ಫಾಯಿಲ್ ಸುತ್ತಿ ಮೈನಸ್ 20 ಡಿಗ್ರಿಯಲ್ಲಿ. ಜೀವಂತ ಕೋಶಗಳಿಗೆ 50 ನ್ಯಾನೊಮೋಲಾರ್‌ನಿಂದ ಆರಂಭಿಸಿ 30 ನಿಮಿಷ, ನಂತರ ಮೂರು ಸಲ ತೊಳೆತ. ಪ್ರತಿ ತೊಳೆತದ ನಡುವೆ ಹತ್ತು ನಿಮಿಷ ಹೊಸ ಮೀಡಿಯಾದಲ್ಲಿ ಬಿಡಿ. ಹ್ಯಾಲೊಟ್ಯಾಗ್ ಇಲ್ಲದ ಕೋಶಗಳಿಗೂ ಇದೇ ಉಪಚಾರ ನಡೆಯಲಿ, ಅಂಟಿಕೊಂಡ ಕಸ ಎಷ್ಟೆಂದು ಆಗಲೇ ತಿಳಿಯುತ್ತದೆ. 405 ನ್ಯಾನೊಮೀಟರ್ ಬೆಳಕು ಹಾಕುವ ಮೊದಲೇ ಕೋಶ ಬೆಳಗುತ್ತಿದ್ದರೆ ಕೋಣೆಯ ದೀಪವೇ ಬೀಗ ತೆಗೆದಿರಬಹುದು. ಸೂಕ್ಷ್ಮದರ್ಶಕದಲ್ಲಿ ಒಂದೊಂದು ಅಣುವಿನ ಚುಕ್ಕಿಗಳು ಒಂದರ ಮೇಲೊಂದು ಬಿದ್ದರೆ 405 ಬೆಳಕು ತಗ್ಗಿಸಿ. ಕತ್ತಲ ಅಣುಗಳು ಮುಗಿಯುತ್ತ ಬಂದಂತೆ ನಿಧಾನವಾಗಿ ಏರಿಸಿ.