ಅಮ್ಮನ ಸ್ಟೂಲು, ಆರು ಭಾನುವಾರ

ಮರಗೆಲಸದಲ್ಲಿ ನಿಮಗೆ ಅಷ್ಟೊಂದು ಇಷ್ಟ ಆಗುವುದು ಏನು ಅಂತ ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದರೆ ನಾನು ಪ್ರತಿ ಸಲ ಒಂದೊಂದು ಉತ್ತರ ಕೊಡುತ್ತೇನೆ. ಒಮ್ಮೆ ಮರದ ವಾಸನೆ ಅಂದಿದ್ದೆ. ಇನ್ನೊಮ್ಮೆ, ಮೊಬೈಲ್ ಕೈಗೆ ಬರುವುದಿಲ್ಲವಲ್ಲ, ಅದೇ ಸುಖ ಅಂದಿದ್ದೆ. ಎರಡೂ ಸುಳ್ಳಲ್ಲ, ಆದರೆ ಬಾಯಿಗೆ ಬಂದ ಮಾತು. ಅದಕ್ಕೇ ಈ ಸಲ ಒಂದು ಲೆಕ್ಕ ಇಟ್ಟೆ. ಪ್ರತಿ ಭಾನುವಾರ ಕೆಲಸ ಮುಗಿದ ಮೇಲೆ, ಹೊಟ್ಟು ಗುಡಿಸುವ ಮೊದಲು, ಇವತ್ತು ಖುಷಿ ಕೊಟ್ಟಿದ್ದು ಯಾವುದು ಅಂತ ಒಂದೇ ಸಾಲು. ಬರೆದಿದ್ದು ಮಕ್ಕಳ ಮಾರ್ಕ್ಸ್ ಬರೆಯುವ ಹಳೇ ಪುಸ್ತಕದ ಕೊನೇ ಪುಟದಲ್ಲಿ.

ಮಾಡಲು ಹೊರಟಿದ್ದು ಅಮ್ಮನಿಗೊಂದು ಗಿಡ್ಡ ಸ್ಟೂಲು. ಹಿತ್ತಿಲಲ್ಲಿ ಕೂತು ಸೊಪ್ಪು ಸೋಸುವುದಕ್ಕೆ, ಹೂ ಕಟ್ಟುವುದಕ್ಕೆ. ಮಣೆ ಮೇಲೆ ಕೂತರೆ ಏಳುವಾಗ ಮಂಡಿ ಹಿಡಿದುಕೊಳ್ಳುತ್ತದೆ. ಪ್ಲಾಸ್ಟಿಕ್ ಸ್ಟೂಲು ಅಂಗಳದಲ್ಲಿ ಓಲಾಡುತ್ತದೆ ಅಂತ ಅಮ್ಮನಿಗೆ ಸಿಟ್ಟು. ಟೇಪು ಹಿಡಿದು, ಇಟ್ಟಿಗೆ ಪೇರಿಸಿ, ಅದರ ಮೇಲೆ ಅಮ್ಮನನ್ನೇ ಕೂರಿಸಿ ನೋಡಿದೆ. 10 ಇಂಚು ಎತ್ತರ ಸರಿ ಅನಿಸಿತು. ಮರವೂ ಮನೆಯದೇ. ಊರಿನ ಕೊಟ್ಟಿಗೆ ಕೆಡವಿದಾಗ ಉಳಿದ ಎರಡು ಹಲಸಿನ ಹಲಗೆ, ಬಾಗಿಲಿಗೆ ಇದ್ದವು. ಒಂದೂವರೆ ಇಂಚು ದಪ್ಪ, 11 ಇಂಚು ಅಗಲ, ಮೂರೂವರೆ ಅಡಿ ಉದ್ದ. ಹೊಗೆ, ಸಗಣಿ, ಮಳೆ ಎಲ್ಲಾ ಸೇರಿ ಬೂದಿ ಬಣ್ಣ ಬಂದಿತ್ತು.

ಮೊದಲ ಭಾನುವಾರ ಪೂರ್ತಿ ಮೊಳೆ ಕೀಳುವುದರಲ್ಲೇ ಹೋಯಿತು. ಹದಿನಾಲ್ಕು ಸಿಕ್ಕಿದವು. ತುಕ್ಕು ಹಿಡಿದು ತಲೆ ಮುರಿದುಕೊಂಡವೇ ಜಾಸ್ತಿ. ಮೊಳೆ ಇದ್ದ ಕಡೆ ಸುತ್ತ ಕಪ್ಪು ಕಲೆ ಇರುತ್ತದೆ, ಅದನ್ನು ನೋಡಿ ಹುಡುಕಬೇಕು. ಅಯಸ್ಕಾಂತ ಆಡಿಸಿಯೂ ನೋಡಿದೆ. ಪುಸ್ತಕದಲ್ಲಿ ಆ ದಿನದ ಸಾಲು: "ಏನೂ ಇಲ್ಲ. ಬೆನ್ನು ನೋವು."

ಎರಡನೇ ವಾರ ಹದಿನೈದನೇ ಮೊಳೆ ಸಿಕ್ಕಿತು. ಹತ್ತರಿಯ ಅಲಗಿಗೆ. ಹತ್ತರಿ ಅಂದರೆ ಕೀಸುಳಿ, ನಿಮ್ಮ ಕಡೆ ಏನು ಅನ್ನುತ್ತೀರೋ ಅದು. 'ಟಿಕ್' ಅಂತ ಸದ್ದು ಬಂತು, ಅಲಗಿನ ಅಂಚಲ್ಲಿ ಅಕ್ಕಿ ಕಾಳಿನಷ್ಟು ಹಲ್ಲು ಬಿತ್ತು. ಆಮೇಲೆ ಮರದ ಮೇಲೆ ಎಷ್ಟು ಸಲ ಎಳೆದರೂ ಅಷ್ಟಗಲ ಒಂದು ಗೀರು ಎದ್ದು ನಿಲ್ಲುತ್ತದೆ. ಹಿಂದಿನ ಬೀದಿಯ ಆಚಾರ್ರ ಹತ್ತಿರ ತೆಗೆದುಕೊಂಡು ಹೋದೆ. ಅವರು ಅಲಗನ್ನು ಬೆಳಕಿಗೆ ಹಿಡಿದು ನೋಡಿ, "ಅಕ್ಕೋರೆ, ಇದನ್ನ ನಾನು ಮಾಡಿಕೊಟ್ರೆ ನಿಮಗೆ ಬರೋದು ಯಾವಾಗ? ಸಾಣೆಕಲ್ಲು ತರ್ತೀನಿ, ಕೂತ್ಕೊಳಿ" ಅಂದರು.

ಕೂತೆ. ಎರಡು ಗಂಟೆ. ಅಲಗಿನ ಇಳಿಜಾರು ಸುಮಾರು 25 ಡಿಗ್ರಿ. ಆ ಇಳಿಜಾರು ಕಲ್ಲಿಗೆ ಪೂರ್ತಿ ಕೂರಬೇಕು, ಮಣಿಕಟ್ಟು ಅಲುಗಬಾರದು. ಮೊದಲು ಒರಟು ಕಲ್ಲಲ್ಲಿ ಆ ಹಲ್ಲು ಮಾಯ ಆಗುವವರೆಗೆ ಉಜ್ಜುವುದು. ಉಜ್ಜುತ್ತಾ ಉಜ್ಜುತ್ತಾ ಅಂಚಿನ ಕಬ್ಬಿಣ ಇನ್ನೊಂದು ಪಕ್ಕಕ್ಕೆ ಕೂದಲೆಳೆಯಷ್ಟು ಮಗುಚಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳು ಸವರಿದರೆ ಗರಗರ ಅನ್ನುತ್ತದೆ. ಅಂಚಿನ ಉದ್ದಕ್ಕೂ ಆ ಗರಗರ ಸಿಕ್ಕಿತು ಅಂದರೆ ಆ ಪಕ್ಕದ ಕೆಲಸ ಮುಗಿಯಿತು. ಆಮೇಲೆ ನಯವಾದ ಕಲ್ಲು, ಅಲಗಿನ ಬೆನ್ನು ಚಪ್ಪಟೆಯಾಗಿ ಇಟ್ಟು ನಾಲ್ಕು ಸಲ, ಕೊನೆಗೆ ಹಳೇ ಚರ್ಮದ ಬೆಲ್ಟಿನ ಮೇಲೆ ಹಿಂದಕ್ಕೆ ಎಳೆಯುವುದು. ಸರಿಯಾಯಿತೋ ಇಲ್ಲವೋ ನೋಡುವುದಕ್ಕೆ ಆಚಾರ್ರು ಬೆಂಡಿನಂಥ ಮೆದು ಮರದ ತುಂಡಿನ ತುದಿಯನ್ನು ಅಡ್ಡ ಕೊಯ್ದರು. ಮೊಂಡು ಅಲಗಾದರೆ ನಾರು ಕುಸಿದು ಪುಡಿಪುಡಿ ಏಳುತ್ತದೆ. ಇದು ಮೇಣದ ಹಾಗೆ ಹೊಳೆಯಿತು.

ಮನೆಗೆ ಬಂದು ಅದೇ ಹಲಗೆಗೆ ಹತ್ತರಿ ಹೊಡೆದೆ. ಮೊದಲು 'ಕರಕರ' ಅನ್ನುತ್ತಿದ್ದದ್ದು ಈಗ 'ಸುಯ್ಯ್' ಅಂತ ಹೋಯಿತು. ಬೂದಿ ಬಣ್ಣದ ಕೆಳಗಿಂದ ಹಳದಿ ಬಂತು. ಹಲಸಿನ ತೊಳೆ ಬಿಡಿಸಿದ ಹಾಗೆ. ಎಷ್ಟೋ ಮಳೆಗಾಲ ಕೊಟ್ಟಿಗೆ ಬಾಗಿಲಾಗಿ ನಿಂತ ಮರ ಒಳಗೆ ಇಷ್ಟು ಬಣ್ಣ ಇಟ್ಟುಕೊಂಡಿತ್ತು! ತೆಳ್ಳಗೆ ಸುರುಳಿ ಸುರುಳಿ ಬಂದು ಕಾಲ ಮೇಲೆ ಬೀಳುತ್ತಿತ್ತು. ಒಂದನ್ನು ಪುಸ್ತಕದ ಮೇಲೆ ಇಟ್ಟರೆ ಕೆಳಗಿನ ಅಕ್ಷರ ಓದಬಹುದಿತ್ತು. ನಾನು ಬೀಗುವ ಹಾಗೇನಿಲ್ಲ. ಜಪಾನಿನಲ್ಲಿ ಇದಕ್ಕೇ ಸ್ಪರ್ಧೆ ನಡೆಸುತ್ತಾರೆ. ಕೆಝುರೋಕಾಯ್ ಅಂತ ಹೆಸರು. ಅಲ್ಲಿ ಗೆಲ್ಲುವವರ ಸುರುಳಿ 10 ಮೈಕ್ರಾನಿಗಿಂತ ತೆಳುವಂತೆ. ತಲೆಗೂದಲು ಇರುವುದೇ ಸುಮಾರು 70 ಮೈಕ್ರಾನ್.

ಆ ದಿನದ ಸಾಲು: "ಗರಗರ." ಅಷ್ಟೇ ಬರೆದಿದ್ದೇನೆ. ಹಳದಿ ಬಣ್ಣದ ಬಗ್ಗೆ ಬರೆಯಬೇಕಿತ್ತು ಅಲ್ವಾ? ಕೈ ಬರೆದಿದ್ದು ಅದನ್ನು.

ಮೂರನೇ ವಾರ ಹಲಗೆ ನೇರ ಮಾಡುವ ಕೆಲಸ. ಸ್ವಲ್ಪ ತಿರುಚಿಕೊಂಡಿತ್ತು. ಎರಡು ನೇರ ಪಟ್ಟಿಗಳನ್ನು ಹಲಗೆಯ ಎರಡು ತುದಿಗೆ ಅಡ್ಡ ಇಟ್ಟು, ಬಗ್ಗಿ, ಒಂದರ ಮೇಲಿಂದ ಇನ್ನೊಂದನ್ನು ನೋಡಿದರೆ ತಿರುಚು ತಕ್ಷಣ ಕಾಣುತ್ತದೆ. ಎರಡು ನೂಲಿನಷ್ಟು ತೆಗೆಯಬೇಕಾಯಿತು, ಅಂದರೆ ಕಾಲು ಇಂಚು. ಉಳಿದ ದಪ್ಪ ಒಂದೂಕಾಲು ಇಂಚು. ಆಮೇಲೆ ಕೊಯ್ದಿದ್ದು: ಮೇಲಿನ ಹಲಗೆ 16 ಇಂಚು, ಕಾಲಿನ ಹಲಗೆ ಹತ್ತೂವರೆಯಂತೆ ಎರಡು. ಗರಗಸ ಗೆರೆ ಬಿಟ್ಟು ಆಚೆ ಹೋಗಿದ್ದು ಎಷ್ಟು ಸಲ ಅಂತ ಹೇಳುವುದಿಲ್ಲ. ಸಾಗರ, ಸೊರಬ ಅಂದರೆ ಶ್ರೀಗಂಧದಲ್ಲಿ ಆನೆಯ ಉಗುರನ್ನೂ ಬಿಡದೆ ಕೆತ್ತುವ ಗುಡಿಗಾರರ ಸೀಮೆ. ಅದೇ ಊರಲ್ಲಿ ಕೂತು ನಾನು ಒಂದು ನೇರ ಗೆರೆ ಕೊಯ್ಯಲಾರೆ.

ನಾಲ್ಕನೇ ವಾರದ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು.

ಕಾಲಿನ ಹಲಗೆಯ ಮೇಲ್ತುದಿಯಲ್ಲಿ ಎರಡೆರಡು ನಾಲಗೆ ಕೊಯ್ದು, ಮೇಲಿನ ಹಲಗೆಯಲ್ಲಿ ಆರುಪಾರು ತೂತು ಮಾಡಿ ತೂರಿಸುವುದು. ಮೇಲೆ ಬಂದ ನಾಲಗೆಯನ್ನು ಸೀಳಿ ಬೆಣೆ ಹೊಡೆದರೆ ಅದು ಅಗಲವಾಗಿ ಬಿಗಿಯುತ್ತದೆ. ಮೊಳೆಯೇ ಬೇಡ. ಒಂದು ತುಂಡು ಮರದಲ್ಲಿ ಮೊದಲು ಮಾಡಿ ನೋಡಿದೆ. ಎಲ್ಲಾ ಚೆನ್ನಾಗಿ ಕೂತಿತು, ಬೆಣೆಗೆ ಎರಡೇಟು ಹಾಕಿದೆ, 'ಟಪ್' ಅಂತ ಹಲಗೆ ಆ ತುದಿಯಿಂದ ಈ ತುದಿಗೆ ಸೀಳಿತು. ತುಂಡನ್ನು ಆಚಾರ್ರಿಗೆ ತೋರಿಸಿದರೆ ನಕ್ಕರು. "ಸೌದೆ ಒಡೆಯೋದು ಹೆಂಗೆ ಅಕ್ಕೋರೆ? ನಾರು ಹೋದ ದಿಕ್ಕಿಗೇ ತಾನೆ ಕೊಡಲಿ ಹೊಡೆಯೋದು? ನೀವು ಮಾಡಿದ್ದೂ ಅದೇ." ಬೆಣೆಯನ್ನು ಮೇಲಿನ ಹಲಗೆಯ ನಾರಿಗೆ ಅಡ್ಡವಾಗಿ ಇಡಬೇಕಂತೆ. ಆಗ ಅದು ಒತ್ತುವುದು ನಾರಿನ ತುದಿಗಳ ಮೇಲೆ. ಎಷ್ಟು ಒತ್ತಿದರೂ ಅಲ್ಲಿ ಸೀಳುವುದಿಲ್ಲ. ನಾನು ಉದ್ದಕ್ಕೆ ಇಟ್ಟು ಪಕ್ಕಕ್ಕೆ ಒತ್ತಿಸಿದ್ದೆ.

ಇನ್ನೊಂದು ಮಾತೂ ಹೇಳಿದರು. ಕೊಯ್ದ ಮರ ಉದ್ದಕ್ಕೆ ಹಿಗ್ಗುವುದು ಇಲ್ಲ ಅನ್ನುವಷ್ಟು ಕಡಿಮೆ, ಅಗಲಕ್ಕೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಈ ಸ್ಟೂಲಿನಲ್ಲಿ ಕಾಲಿನ ಅಗಲ, ಮೇಲಿನ ಹಲಗೆಯ ಅಗಲ ಎರಡೂ ಒಂದೇ ಕಡೆಗೆ. ಎರಡೂ ಒಟ್ಟಿಗೇ ಉಬ್ಬುತ್ತವೆ, ಒಟ್ಟಿಗೇ ಇಳಿಯುತ್ತವೆ. ನಮ್ಮ ಮಳೆಗೆ ಇದೇ ಬೇಕು. ಹಲಗೆಯನ್ನು ಗೆಣ್ಣಿನಿಂದ ಕುಟ್ಟಿ ಕಿವಿ ಕೊಟ್ಟು ಕೇಳಿ, "ಒಣಗಿದೆ, ಮೃದಂಗಕ್ಕೂ ಆಗ್ತಿತ್ತು" ಅಂದರು. ಸುಮ್ನೆ ಹೊಗಳಿದ್ದು. ಆದರೆ ಮೃದಂಗದ ಹೊಳವು, ತಂಜಾವೂರು ವೀಣೆಯ ಕೊಡ ಎಲ್ಲಾ ಹಲಸಿನದ್ದೇ ಅನ್ನುವುದು ನಿಜ.

ತೂತನ್ನು ಒಂದೇ ಕಡೆಯಿಂದ ಹೊಡೆದರೆ ಆಚೆ ಮುಖದಲ್ಲಿ ಚಕ್ಕೆ ಕಿತ್ತು ಬರುತ್ತದೆ. ಅದಕ್ಕೆ ಎರಡೂ ಮುಖಕ್ಕೆ ಚಾಕುವಿನಿಂದ ಗೆರೆ ಹಾಕಿ, ಅರ್ಧ ಇಲ್ಲಿಂದ, ಅರ್ಧ ಅಲ್ಲಿಂದ ಉಳಿ ಇಳಿಸಿದೆ. ಪೆನ್ಸಿಲ್ ಗೆರೆಗೆ ದಪ್ಪ ಇದೆ, ಚಾಕುವಿನ ಗೆರೆಗೆ ಇಲ್ಲ. ಉಳಿಯ ತುದಿ ಹೋಗಿ ಅದರಲ್ಲೇ ಕೂರುತ್ತದೆ. ನಾಲ್ಕು ತೂತಿಗೆ ನಾಲ್ಕು ಗಂಟೆ. ಸಂಜೆ ಗೋಂದು ಇಲ್ಲದೆ ಸುಮ್ನೆ ಕೂರಿಸಿ ನೋಡಿದೆ. ಒಂದು ಕಾಲು ಅರ್ಧ ಹೋಗಿ ನಿಂತಿತು. ತೆಗೆದು, ನಾಲಗೆಯ ಮೇಲೆ ಉಜ್ಜಿ ಹೊಳಪು ಬಂದಿದ್ದ ಕಡೆ ಮಾತ್ರ ಒಂದು ಎಳೆ ಕೆರೆದೆ. ಮತ್ತೆ ಕೂರಿಸಿದೆ. ಕೊಡತಿಯಿಂದ ಮೆಲ್ಲಗೆ ಏಟು. ಏಟು ಏಟಿಗೂ ಸದ್ದು ಬದಲಾಗುತ್ತಾ ಹೋಗುತ್ತದೆ, ಪೊಳ್ಳು ಸದ್ದು ಗಟ್ಟಿಯಾಗುತ್ತದೆ. ಕೊನೆಯ ಏಟಿಗೆ 'ದಡ್' ಅಂದು ನಿಂತಿತು. ಎತ್ತಿ ಅಲ್ಲಾಡಿಸಿದೆ. ಬೀಳಲಿಲ್ಲ. ಗೋಂದಿಲ್ಲ, ಮೊಳೆ ಇಲ್ಲ. ಅಮ್ಮನನ್ನು ಕರೆದು ತೋರಿಸಿದೆ. "ಇನ್ನೂ ಆಗ್ಲಿಲ್ವನೇ?" ಅಂದು ಒಳಗೆ ಹೋದರು.

ಆ ದಿನ ಬರೆದಿದ್ದು: "ಆ ಸದ್ದು."

ಐದನೇ ವಾರ ಗೋಂದು, ಬೆಣೆ (ಈ ಸಲ ಅಡ್ಡ), ಕಾಲುಗಳ ನಡುವೆ ಆಚಾರ್ರು ಕೊಟ್ಟ ತೇಗದ ರೀಪಿನ ಅಡ್ಡಪಟ್ಟಿ. ಮೇಲೆ ಬಂದ ನಾಲಗೆಯನ್ನು ಹಲಗೆಯ ಮಟ್ಟಕ್ಕೆ ಕೊಯ್ದು ನಯ ಮಾಡಿದೆ. ಸ್ಯಾಂಡ್ ಪೇಪರ್ ಕೂಡ ಹಾಕಿದೆ. ಆ ಕೆಲಸವನ್ನು ಇಷ್ಟಪಡುವವರು ಯಾರಾದರೂ ಇದ್ದರೆ ನಮ್ಮ ಮನೆಗೆ ಬನ್ನಿ, ಕಾಫಿ ಕೊಡುತ್ತೇನೆ.

ಆರನೇ ವಾರ ಎಣ್ಣೆ. ಕೊಬ್ಬರಿ ಎಣ್ಣೆ ಹಚ್ಚು ಅಂತ ಅಮ್ಮ ಹೇಳಿದರು. ಅದು ಒಣಗುವ ಎಣ್ಣೆ ಅಲ್ಲ, ಸೀರೆಗೆ ಅಂಟುತ್ತದೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ. ದಿನಕ್ಕೊಂದರಂತೆ ಮೂರು ಕೈ ಹಚ್ಚಿದೆ. ಒಂದು ಎಚ್ಚರಿಕೆ: ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳಬಹುದು. ತಂತಿಯ ಮೇಲೆ ಹರಡಿ ಒಣಗಿಸಿ. ನಾಲಗೆಯ ತುದಿ ಎಣ್ಣೆ ಕುಡಿದು ಕಡುಗಂದು ಆಯಿತು, ಹಲಗೆ ಜೇನಿನ ಬಣ್ಣ.

ಈಗ ಪುಸ್ತಕ ತೆಗೆದು ನೋಡಿದರೆ ಆರು ಸಾಲಿನಲ್ಲಿ ಎರಡು ಸಾಣೆಯದು. ಆರನೇ ವಾರವೂ "ಉಳಿ ಮಸೆದೆ" ಅಂತ ಬರೆದಿದ್ದೇನೆ. ಆ ದಿನ ಉಳಿಗೆ ಕೆಲಸವೇ ಇರಲಿಲ್ಲ. ಒಂದು ಸದ್ದಿನದು. ಒಂದು, ಆಚಾರ್ರ ಜತೆ ಮಾತು. ಒಂದು ಬೆನ್ನು ನೋವು. ಇನ್ನೊಂದನ್ನು ಗೋಂದು ಕೈಯಲ್ಲಿ ಬರೆದು ಓದಲಾಗದ ಹಾಗೆ ಮಾಡಿದ್ದೇನೆ. ಸ್ಟೂಲು ಅನ್ನುವ ಪದ ಎಲ್ಲೂ ಇಲ್ಲ.

ಅಮ್ಮ ದಿನಾ ಅದರ ಮೇಲೆ ಟವೆಲ್ ಮಡಚಿ ಹಾಕಿ ಕೂರುತ್ತಾರೆ. ಮೂರು ವಾರ ಆಯಿತು. ಬಿಸಿಲು ಬಿದ್ದ ಅಂಚು ಆಗಲೇ ಕಂದಿದೆ, ಟವೆಲ್ ಇರುವ ಜಾಗ ಮಾತ್ರ ಇನ್ನೂ ಹಳದಿ. ಒಂದು ಕಾಲು ಸ್ವಲ್ಪ ಕುಂಟುತ್ತದೆ, ಅಮ್ಮ ಹೇಳಿಲ್ಲ, ನಾನೂ ಕೇಳಿಲ್ಲ. ನಿನ್ನೆ ಎರಡನೇ ಹಲಗೆಯನ್ನು ಹೊರಗೆ ತೆಗೆದೆ. ಮೊಳೆ ಇಲ್ಲಿಯವರೆಗೆ ಒಂಬತ್ತು.